ಒಂದು ಸಾಲಿನ ಪ್ಯಾಚ್‌ಗೆ ಎರಡು ದಿನದಿಂದ ಕಮಿಟ್ ಮೆಸೇಜ್ ಬರೆಯುತ್ತಿದ್ದೇನೆ, ಇದು ಅತಿಯಾಯ್ತಾ?

ಹೊಸಪ್ಯಾಚ್ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಓಪನ್ ಸೋರ್ಸ್ ಪ್ಯಾಚ್, ಅಂದರೆ ಎಲ್ಲರಿಗೂ ತೆರೆದಿಟ್ಟ ಕೋಡ್‌ಗೆ ಕಳಿಸುವ ತಿದ್ದುಪಡಿ. ಬದಲಾಯಿಸಿದ್ದು ಒಂದೇ ಒಂದು ಅಂಕಿ. ಪಾಡ್‌ಕಾಸ್ಟ್ ಕೇಳುವ ಒಂದು ಆಪ್‌ನಲ್ಲಿ ಸರ್ವರ್‌ಗೆ ಕನೆಕ್ಟ್ ಆಗಲು ಕಾಯುವ ಸಮಯ 5 ಸೆಕೆಂಡ್ ಇತ್ತು, ಅದನ್ನು 30 ಮಾಡಿದೆ. ಕಮಿಟ್ ಮೆಸೇಜ್ (ಬದಲಾವಣೆಯ ಜೊತೆ ಉಳಿಯುವ ಟಿಪ್ಪಣಿ) "ಟೈಮ್‌ಔಟ್ ಫಿಕ್ಸ್ ಮಾಡಿದೆ". ಪ್ರಾಜೆಕ್ಟ್‌ನವರು ಬೇರೆ ಬೇರೆ ದೇಶದವರು, ಹಾಗಾಗಿ ಬರೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಉತ್ತರ ಬಂತು. ಕೋಡ್ ಬಗ್ಗೆ ತಕರಾರಿಲ್ಲವಂತೆ. ಎರಡು ಪ್ರಶ್ನೆ ಮಾತ್ರ. 5 ಯಾಕೆ ಸಾಲಲಿಲ್ಲ? 30 ಯಾಕೆ, 20 ಅಥವಾ 60 ಯಾಕಲ್ಲ? ಉತ್ತರವನ್ನು ಕಾಮೆಂಟಿನಲ್ಲಿ ಬರೆಯಬೇಡಿ, ಕಮಿಟ್ ಮೆಸೇಜ್‌ನಲ್ಲಿ ಬರೆದು ಮತ್ತೆ ಕಳಿಸಿ ಎಂದಿದ್ದಾರೆ.

ನಿಜ ಹೇಳಬೇಕೆಂದರೆ ಕಾರಣ ಇಷ್ಟೇ. ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹಬ್ಬ. ಅಮ್ಮ ಮಧ್ಯಾಹ್ನ ಊಟ ಆದ ಮೇಲೆ ತಾಳಮದ್ದಲೆ ಹಾಕಿಕೊಂಡು ಅಡಿಕೆ ಸುಲಿಯುತ್ತಾರೆ. ಆಪ್ 5 ಸೆಕೆಂಡಿಗೆ ಕೈಚೆಲ್ಲಿ "ಸಂಪರ್ಕ ಸಿಗಲಿಲ್ಲ" ಎನ್ನುತ್ತದೆ. ಅಮ್ಮ ಮತ್ತೆ ಒತ್ತುತ್ತಾರೆ. ಮತ್ತೆ ಅದೇ. ರಜಕ್ಕೆ ಹೋದಾಗ ಇದನ್ನು ನೋಡಿ 30 ಮಾಡಿದೆ, ಹಾಡು ಶುರುವಾಯಿತು. 30 ಯಾಕೆ ಅಂದರೆ ಸುಮ್ನೆ, ದೊಡ್ಡ ಸಂಖ್ಯೆ ಅಂತ.

ಊರಿನ ಮಳೆ ಕಥೆಯನ್ನೆಲ್ಲ ಕಮಿಟ್ ಮೆಸೇಜ್‌ನಲ್ಲಿ ಬರೆಯುವುದುಂಟಾ? ಎರಡು ದಿನದಿಂದ ಬರೆದು ಅಳಿಸುತ್ತಿದ್ದೇನೆ.

---

ಬೈಟು_ಕಾಫಿ · ಶನಿವಾರ ರಾತ್ರಿ 9:58

ಅತಿಯಾಯ್ತು. ನಮ್ಮ ಆಫೀಸಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಟಿಕೆಟ್ ಇರುತ್ತದೆ. ಟಿಕೆಟ್ ನಂಬರ್ ಹಾಕಿ "ಫಿಕ್ಸ್" ಅಂತ ಬರೆದರೆ ಮುಗಿಯಿತು. ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇವೆ, ಆಕಾಶ ಏನೂ ಬಿದ್ದಿಲ್ಲ. ಕಮಿಟ್ ಮೆಸೇಜ್ ಓದುವವರು ಯಾರು ಗುರು?

ಅಷ್ಟಕ್ಕೂ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ (ಲಿನಕ್ಸ್ ಶುರು ಮಾಡಿದವರು) ಗಿಟ್‌ನದೇ, ಅಂದರೆ ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್‌ನದೇ, ಮೊದಲ ಕಮಿಟ್‌ಗೆ ಬರೆದದ್ದು ಒಂದು ಸಾಲು. "ನರಕದಿಂದ ಬಂದ ಮಾಹಿತಿ ಮ್ಯಾನೇಜರ್ ಗಿಟ್‌ನ ಮೊದಲ ಆವೃತ್ತಿ" ಎಂಬರ್ಥದ್ದು. ಅವರಿಗಿಲ್ಲದ್ದು ನಮಗ್ಯಾಕೆ.

---

ಟರ್ಮಿನಲ್_ತಾತ · ಶನಿವಾರ ರಾತ್ರಿ 10:31

ಬೈಟು ಅವರೇ, ಮೊದಲ ಕಮಿಟ್‌ಗೆ ಹಿಂದೆ ಏನೂ ಇರಲಿಲ್ಲ. "ಇದ್ದದ್ದನ್ನು ಯಾಕೆ ಬದಲಾಯಿಸಿದೆ" ಎಂದು ಕೇಳುವ ಹಾಗೇ ಇಲ್ಲ. ಅದೇ ಲಿನಸ್ ನೋಡಿಕೊಳ್ಳುವ ಲಿನಕ್ಸ್ ಕರ್ನಲ್‌ಗೆ (ಫೋನ್, ಕಂಪ್ಯೂಟರ್ ಓಡಿಸುವ ತಿರುಳು ಕೋಡ್) ಇವತ್ತು "ಫಿಕ್ಸ್" ಅಂತ ಬರೆದು ಒಂದು ಪ್ಯಾಚ್ ಕಳಿಸಿ ನೋಡಿ, ಏನು ಉತ್ತರ ಬರುತ್ತದೆ ಅಂತ.

ಹೊಸಪ್ಯಾಚ್ ಅವರೇ, ಮಳೆ ಕಥೆ ಖಂಡಿತ ಬರೆಯಿರಿ. 5 ಹೋಗಿ 30 ಬಂತು ಎನ್ನುವುದು ಡಿಫ್ (ಹಳೆಯ, ಹೊಸ ಸಾಲುಗಳ ಹೋಲಿಕೆ) ನೋಡಿದ ಯಾರಿಗೂ ಗೊತ್ತಾಗುತ್ತದೆ. ನಿಮ್ಮ ಅಮ್ಮನ ಫೋನಿನಲ್ಲಿ ಏನಾಗುತ್ತಿತ್ತು ಅನ್ನುವುದು ಕೋಡ್‌ನಲ್ಲಿ ಎಲ್ಲೂ ಇಲ್ಲ. ನಾಳೆ ಯಾರೋ ಒಬ್ಬ ಬಂದು "30 ಸೆಕೆಂಡ್ ಕಾಯುವುದು ಜಾಸ್ತಿ ಆಯ್ತು" ಅಂತ ಮತ್ತೆ 5 ಮಾಡುತ್ತಾನೆ. ಅವನದೂ ತಪ್ಪಲ್ಲ. ಅವನ ಊರಿನಲ್ಲಿ ಸಿಗ್ನಲ್ ಚೆನ್ನಾಗಿದೆ. ಹಾಗೆ ಮಾಡುವ ಮೊದಲು ಅವನು ಗಿಟ್ ಬ್ಲೇಮ್ ಒತ್ತಿದರೆ ಆ ಸಾಲಿನ ಪಕ್ಕ ನಿಮ್ಮ ಕಮಿಟ್ ಕಾಣುತ್ತದೆ. ಅಲ್ಲಿ "ಟೈಮ್‌ಔಟ್ ಫಿಕ್ಸ್ ಮಾಡಿದೆ" ಅಂತಿದ್ದರೆ ಅವನಿಗೆ ಏನು ತಿಳಿದ ಹಾಗಾಯಿತು?

ಇನ್ನು ರೂಪದ ಮಾತು. ಕಮಿಟ್ ಮೆಸೇಜ್ ಅಂದರೆ ಮೂಲದಲ್ಲಿ ಒಂದು ಕಾಗದ. ಕರ್ನಲ್‌ನ ಪ್ಯಾಚ್‌ಗಳು ಇವತ್ತಿಗೂ ಈಮೇಲ್‌ನಲ್ಲೇ ಓಡಾಡುತ್ತವೆ. ಮೊದಲ ಸಾಲು ಈಮೇಲ್‌ನ ಸಬ್ಜೆಕ್ಟ್ ಆಗುತ್ತದೆ. ಆಮೇಲೆ ಒಂದು ಖಾಲಿ ಸಾಲು. ಆಮೇಲೆ ವಿಷಯ. ಆ ಖಾಲಿ ಸಾಲು ಇಲ್ಲದಿದ್ದರೆ ಗಿಟ್ ಮುಂದಿನ ಸಾಲುಗಳನ್ನೂ ಸಬ್ಜೆಕ್ಟ್ ಅಂದುಕೊಂಡು ಒಂದೇ ಉಸಿರಿನಲ್ಲಿ ಜೋಡಿಸುತ್ತದೆ. ಸಬ್ಜೆಕ್ಟ್ 50 ಅಕ್ಷರದೊಳಗೆ ಇರಲಿ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ಕರ್ನಲ್‌ನವರು 70-75ರವರೆಗೆ ಬಿಡುತ್ತಾರೆ. ಒಳಗಿನ ಸಾಲುಗಳನ್ನು 72ರ ಆಸುಪಾಸಿನಲ್ಲಿ ಮುರಿಯುವುದು ವಾಡಿಕೆ. ಗಿಟ್ ಲಾಗ್ ಎಡಗಡೆ 4 ಸ್ಪೇಸ್ ಬಿಟ್ಟು ತೋರಿಸುತ್ತದೆ, ಟರ್ಮಿನಲ್‌ನ ಅಗಲ 80. ಬಲಗಡೆಯೂ ಅಷ್ಟೇ ಬಿಟ್ಟು ಲೆಕ್ಕ ನೀವೇ ಹಾಕಿ.

ಕೊನೆಯಲ್ಲಿ ಸಹಿ. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್ ಕೋಡ್ ವಿಚಾರವಾಗಿ ಐಬಿಎಂ ಮೇಲೆ ಕೇಸ್ ಹಾಕಿತ್ತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸುವ ದಾರಿ ಬೇಕಾಯಿತು. 2004ರಲ್ಲಿ "ಸೈನ್ಡ್-ಆಫ್-ಬೈ" ಸಾಲು ಶುರುವಾದದ್ದು ಹಾಗೆ. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಹೆಸರು ಹಾಕಿ ಒಪ್ಪಿಕೊಳ್ಳುವುದು ಅಷ್ಟೇ. ನಿಮ್ಮ ಪ್ರಾಜೆಕ್ಟ್ ಅದನ್ನು ಕೇಳುತ್ತದಾ ನೋಡಿಕೊಳ್ಳಿ. ಎಲ್ಲರೂ ಕೇಳುವುದಿಲ್ಲ.

---

ಕುಡ್ಲದ_ಕೋಡ್ · ಶನಿವಾರ ರಾತ್ರಿ 10:52

> ಟಿಕೆಟ್ ನಂಬರ್ ಹಾಕಿ "ಫಿಕ್ಸ್" ಅಂತ ಬರೆದರೆ ಮುಗಿಯಿತು

ಮಾರಾಯ್ರೇ, ನಾನೂ ಹೀಗೇ ಹೇಳುತ್ತಿದ್ದೆ. ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಆರು ವರ್ಷದ ಕಮಿಟ್‌ಗಳೆಲ್ಲ "ಟಿಕೆಟ್ 4471", "ಟಿಕೆಟ್ 4502, ರಿವ್ಯೂ ಕಾಮೆಂಟ್ಸ್" ಇದೇ ಥರ. ಒಂದು ದಿನ ಟಿಕೆಟ್ ಇಡುವ ಸಾಫ್ಟ್‌ವೇರ್ ಬದಲಾಯಿಸಿದರು. ಹೊಸದರಲ್ಲಿ ನಂಬರ್ 1ರಿಂದ ಶುರು. ಹಳೆಯದನ್ನು ಯಾವುದೋ ಸ್ಪ್ರೆಡ್‌ಶೀಟ್‌ಗೆ ಇಳಿಸಿಟ್ಟಿದ್ದಾರೆ ಎಂಬ ಸುದ್ದಿ ಇತ್ತು. ಆ ಫೈಲನ್ನು ಕಣ್ಣಾರೆ ಕಂಡವರು ಯಾರೂ ಸಿಗಲಿಲ್ಲ.

ಬಿಲ್ಲಿಂಗ್ ಕೋಡ್‌ನಲ್ಲಿ ಒಂದು ಕಡೆ ಮೊತ್ತಕ್ಕೆ 1 ಪೈಸೆ ಸೇರಿಸಿ ಆಮೇಲೆ ಕಳೆಯುವ ಸಾಲು ಇತ್ತು. ತೆಗೆಯಲು ಭಯ, ಇಡಲು ನಾಚಿಕೆ. ಬ್ಲೇಮ್ ಮಾಡಿದರೆ "ಟಿಕೆಟ್ 3918". ಬರೆದವರು ಕೆಲಸ ಬಿಟ್ಟು ಹೋಗಿಯಾಗಿತ್ತು. ನಾನು ಅಲ್ಲಿಂದ ಹೊರಡುವಾಗಲೂ ಆ ಸಾಲು ಅಲ್ಲೇ ಇತ್ತು, ದೈವದ ಕಲ್ಲಿನ ಹಾಗೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಮುಟ್ಟುವ ಧೈರ್ಯವೂ ಇಲ್ಲ.

ನಂಬರ್ ಹಾಕಿ, ಬೇಡ ಅನ್ನುವುದಿಲ್ಲ. ಜೊತೆಗೆ ಎರಡು ಮಾತು ಬರೆಯಿರಿ. ಗಿಟ್‌ನ ಇತಿಹಾಸ ಕೋಡ್ ಹೋದಲ್ಲೆಲ್ಲ ಹೋಗುತ್ತದೆ. ಟಿಕೆಟ್ ಬರುವುದಿಲ್ಲ.

---

ಬೈಟು_ಕಾಫಿ · ಶನಿವಾರ ರಾತ್ರಿ 11:05

ಸರಿ ಮಾರಾಯರೇ, ಒಂದು ಪೈಸೆಯ ಕಥೆ ಒಪ್ಪಿದೆ. ಆದರೆ ನಾವು ಸ್ಕ್ವಾಶ್ ಮಾಡಿ ಮರ್ಜ್ ಮಾಡುವವರು (ಮರ್ಜ್ ಅಂದರೆ ಮುಖ್ಯ ಕೋಡ್‌ಗೆ ಸೇರಿಸುವುದು). ಹತ್ತು ಕಮಿಟ್ ಸೇರಿ ಒಂದಾಗುತ್ತದೆ. ನಡುವಿನ ಮೆಸೇಜ್ ಚೆನ್ನಾಗಿ ಬರೆದು ಏನು ಬಂತು?

---

ಟರ್ಮಿನಲ್_ತಾತ · ಶನಿವಾರ ರಾತ್ರಿ 11:14

ನಡುವಿನದು ಹೇಗಾದರೂ ಇರಲಿ. ಕೊನೆಗೆ ಉಳಿಯುವ ಆ ಒಂದನ್ನು ಯಾರು ಬರೆಯುತ್ತಾರೆ? ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಸೆಟ್ಟಿಂಗ್ ಮುಟ್ಟದಿದ್ದರೆ ಅದು ಎಲ್ಲ ಮೆಸೇಜ್‌ಗಳನ್ನೂ ಒಂದರ ಕೆಳಗೆ ಒಂದು ಪೇರಿಸಿ ಇಡುತ್ತದೆ. "ಫಿಕ್ಸ್", "ಮತ್ತೆ ಫಿಕ್ಸ್", "ಈಗ ಸರಿ", "ಅಯ್ಯೋ". ಮರ್ಜ್ ಬಟನ್ ಒತ್ತುವ ಮೊದಲು ಆ ಡಬ್ಬಿಯಲ್ಲಿ ತಿದ್ದಬಹುದು. ನೂರರಲ್ಲಿ ತೊಂಬತ್ತು ಜನ ತಿದ್ದುವುದಿಲ್ಲ. ಇದು ನನ್ನ ಅಂದಾಜು, ಕೋಪದಲ್ಲಿ ಹೇಳುತ್ತಿರುವುದು.

---

ಅರ್ಕಾವತ್ತು · ಭಾನುವಾರ ಬೆಳಿಗ್ಗೆ 7:20

ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ಹೊರದೇಶದ ಒಂದು ಪ್ರಾಜೆಕ್ಟ್‌ನ ಕನ್ನಡ ಅನುವಾದದ ಫೈಲ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ "ಫೈಲ್" ಎಂದು ಹುಡುಕಿದರೆ ಕೆಲವು ಸಾಲು ಸಿಗುತ್ತಿಲ್ಲ. ಕಣ್ಣಿಗೆ ಮಾತ್ರ "ಫೈಲ್" ಅಂತಲೇ ಕಾಣುತ್ತಿದೆ. ತೆರೆದು ನೋಡಿದಾಗ ಪದದ ಕೊನೆಯಲ್ಲಿ ಜೀರೋ ವಿಡ್ತ್ ನಾನ್ ಜಾಯ್ನರ್ ಕೂತಿತ್ತು. ಟೈಪ್ ಮಾಡುವಾಗ ಉಳಿದುಕೊಂಡ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ. ಮೂರು ಸಾಲಿನ ಸ್ಕ್ರಿಪ್ಟ್ ಬರೆದು ಇಡೀ ಫೈಲಿನಿಂದ ಜಾಯ್ನರ್ (ಕೂಡಿಸುವ ಇನ್ನೊಂದು ಕಾಣದ ಅಕ್ಷರ), ನಾನ್ ಜಾಯ್ನರ್ ಎರಡನ್ನೂ ಕಿತ್ತು ಹಾಕಿದೆ. ಕಮಿಟ್ ಮೆಸೇಜ್ "ಕನ್ನಡ: ಬೇಡದ ಅಕ್ಷರಗಳನ್ನು ತೆಗೆದೆ". 400ಕ್ಕೂ ಹೆಚ್ಚು ಸಾಲು ಬದಲಾಗಿತ್ತು.

ರಿವ್ಯೂ ಮಾಡಿದವರಿಗೆ ಕನ್ನಡ ಬರದು. ಅವರಿಗೆ ಡಿಫ್‌ನಲ್ಲಿ ಕಾಣುವುದು ಕೆಂಪು ಸಾಲಿನಲ್ಲಿ ಒಂದಷ್ಟು ಸುರುಳಿ, ಹಸಿರು ಸಾಲಿನಲ್ಲಿ ಒಂದಷ್ಟು ಸುರುಳಿ. ಅವರು ನಂಬಿದ್ದು ನನ್ನ ಮೆಸೇಜನ್ನು. ಬೇಡದ್ದು ತಾನೇ, ಹೋಗಲಿ ಎಂದು ಮರ್ಜ್ ಮಾಡಿದರು.

ಆದದ್ದು ಏನು? "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಯಿತು. "ಡೌನ್‌ಲೋಡ್" ಹೋಗಿ "ಡೌನ್ಲೋಡ್". ಎಲ್ಲಕ್ಕಿಂತ ಕೆಟ್ಟದ್ದು "ರ‍್ಯಾಂಕ್". ರ ಅಕ್ಷರಕ್ಕೆ ಯ ಒತ್ತು ಕೊಡಬೇಕಾದರೆ ಯೂನಿಕೋಡ್‌ನಲ್ಲಿ ರ ಆದ ಮೇಲೆ ಜಾಯ್ನರ್ ಇರಲೇಬೇಕು. ಅದಿಲ್ಲದಿದ್ದರೆ ಅರ್ಕಾವತ್ತು ಆಗಿ "ರ್ಯಾಂಕ್" ಎಂದು ಕಾಣುತ್ತದೆ. ನಾನು ಬೇಡದ್ದು ಎಂದು ಎಸೆದದ್ದರಲ್ಲಿ ಬೇಕಾದ್ದೇ ಜಾಸ್ತಿ ಇತ್ತು. (ನನ್ನ ಹ್ಯಾಂಡಲ್ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ.)

ಇಲ್ಲಿಗೇ ಮುಗಿಯಲಿಲ್ಲ. ಯಾರೋ ಒಂದಷ್ಟು ಪದಗಳನ್ನು ಕೈಯಲ್ಲೇ ಸರಿಮಾಡಿದರು. ಎರಡು ವರ್ಷದ ಮೇಲೆ ಇನ್ನೊಬ್ಬರು ಬಂದರು. ಹಳೆಯ ಲಾಗ್‌ನಲ್ಲಿ ನನ್ನ ಕಮಿಟ್ ನೋಡಿ, ಓ ಇಲ್ಲಿ ಇದನ್ನು ತೆಗೆಯುವ ಪದ್ಧತಿ ಇದೆ ಎಂದು ಮತ್ತೆ ತೆಗೆದರು! ನನ್ನ ಒಂದು ಸಾಲಿನ ಮೆಸೇಜ್ ನಿಯಮವೇ ಆಗಿಹೋಗಿತ್ತು.

ಆಮೇಲೆ ಕೂತು ಯೋಚಿಸಿದೆ. ಅವತ್ತು ನಾನು ಕಾರಣ ಬರೆಯಲು ಕೂತಿದ್ದರೆ ಹೀಗೆ ಬರೆಯುತ್ತಿದ್ದೆ: "ಕೆಲವು ಪದಗಳ ಕೊನೆಯಲ್ಲಿ ನಾನ್ ಜಾಯ್ನರ್ ಉಳಿದಿದೆ, ಹಾಗಾಗಿ ಅವು ಹುಡುಕಾಟಕ್ಕೆ ಸಿಗುತ್ತಿಲ್ಲ." "ಪದಗಳ ಕೊನೆಯಲ್ಲಿ" ಎಂದು ಬರೆದ ಕೂಡಲೇ ಕೈ ನಿಲ್ಲುತ್ತಿತ್ತು. ನನ್ನ ಸ್ಕ್ರಿಪ್ಟ್ ಕೊನೆಯದನ್ನು ಮಾತ್ರ ತೆಗೆಯುತ್ತಿಲ್ಲವಲ್ಲ, ಎಲ್ಲವನ್ನೂ ತೆಗೆಯುತ್ತಿದೆಯಲ್ಲ ಅಂತ. ಮೆಸೇಜ್ ಬರೆಯುವುದು ಮುಂದೆ ಬರುವವರಿಗೆ ಎಂದು ತಾತ ಹೇಳಿದರು. ನನಗಾದರೆ ಮೊದಲು ನನ್ನಿಂದಲೇ ನನ್ನನ್ನು ಕಾಪಾಡಬೇಕಿತ್ತು.

---

ಕುಡ್ಲದ_ಕೋಡ್ · ಭಾನುವಾರ ಬೆಳಿಗ್ಗೆ 7:48

"ರ್ಯಾಂಕ್" ನೋಡಿ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ತೊಳಸಿತು ಮಾರಾಯ್ರೇ.

---

ಹೊಸಪ್ಯಾಚ್ · ಭಾನುವಾರ ಬೆಳಿಗ್ಗೆ 11:15

ಅರ್ಕಾವತ್ತು ಸರ್ ಅಥವಾ ಮೇಡಂ, ಥ್ಯಾಂಕ್ಸ್. ಓದಿ ಧೈರ್ಯ ಮಾಡಿ ಬರೆಯಲು ಕೂತೆ. ಎರಡು ಕಡೆ ಸಿಕ್ಕಿಹಾಕಿಕೊಂಡೆ.

ಒಂದು, ಇಶ್ಯೂ (ಪ್ರಾಜೆಕ್ಟ್‌ನಲ್ಲಿ ದಾಖಲಾದ ತೊಂದರೆ) ನಂಬರ್‌ನಿಂದ ಶುರು ಮಾಡಿದೆ. ಹ್ಯಾಶ್ ಗುರುತು (#), ಪಕ್ಕದಲ್ಲಿ 218, ಆಮೇಲೆ ವಿಷಯ. ಎಡಿಟರ್ ಮುಚ್ಚಿದರೆ "ಕಮಿಟ್ ಮೆಸೇಜ್ ಖಾಲಿ ಇದೆ, ಕೈಬಿಟ್ಟಿದ್ದೇನೆ" ಎಂದು ಗಿಟ್ ಬೈಯಿತು. ಕಣ್ಣೆದುರೇ ಬರೆದಿದ್ದೇನೆ, ಖಾಲಿ ಹೇಗೆ?

ಎರಡು, 30 ಯಾಕೆ ಎಂಬಲ್ಲಿ ಪೆನ್ನು ನಿಂತಿದೆ. "ಸುಮ್ನೆ" ಅಂತ ಬರೆಯಲು ಆಗುವುದಿಲ್ಲ, ಅಲ್ವಾ?

---

ಬೈಟು_ಕಾಫಿ · ಭಾನುವಾರ ಬೆಳಿಗ್ಗೆ 11:22

ಮೊದಲನೆಯದು ನನಗೆ ಗೊತ್ತು, ನಾನೇ ಬಿದ್ದ ಹಳ್ಳ. ಎಡಿಟರ್‌ನಲ್ಲಿ ಹ್ಯಾಶ್‌ನಿಂದ ಶುರುವಾಗುವ ಸಾಲೆಲ್ಲ ಗಿಟ್‌ಗೆ ಕಾಮೆಂಟ್. ಕೆಳಗೆ ಅದೇ ಬರೆದುಕೊಡುವ ಸೂಚನೆಗಳೂ ಹ್ಯಾಶ್‌ನಿಂದಲೇ ಶುರುವಾಗುತ್ತವೆ, ನೋಡಿ. ನಿಮ್ಮ ಸಾಲನ್ನೂ ಅದರ ಜೊತೆ ಗುಡಿಸಿ ಹಾಕಿತು. ನಿಮ್ಮ ಪುಣ್ಯ, ಬೇರೆ ಸಾಲು ಇರಲಿಲ್ಲ, ಅದಕ್ಕೇ ಬೈಯಿತು. ಕೆಳಗೆ ಇನ್ನೊಂದು ಪ್ಯಾರಾ ಇದ್ದಿದ್ದರೆ ಮೊದಲ ಸಾಲನ್ನು ಮಾತ್ರ ನುಂಗಿ ಸುಮ್ಮನಿರುತ್ತಿತ್ತು.

ಮೈನಸ್ ಎಂ (-m) ಕೊಟ್ಟು ಕಮಾಂಡ್ ಲೈನಿನಲ್ಲೇ ಬರೆದರೆ ಉಳಿಯುತ್ತದೆ. ಆಮೇಲೆ ತಿದ್ದೋಣ ಎಂದು ಅಮೆಂಡ್ ಮಾಡಿದರೆ ಎಡಿಟರ್ ತೆರೆಯುತ್ತದೆ, ಆಗ ಹೋಗುತ್ತದೆ. ನಂಬರ್ ಅನ್ನು ಸಾಲಿನ ಮೊದಲಿಗೆ ಇಡಬೇಡಿ, ಅಷ್ಟೇ. ಕೊನೆಯಲ್ಲಿ "ಫಿಕ್ಸಸ್" ಪದ ಆದ ಮೇಲೆ ಇಡಿ. ಗಿಟ್‌ಹಬ್‌ನಲ್ಲಿ ಮುಖ್ಯ ಬ್ರಾಂಚ್‌ಗೆ ಮರ್ಜ್ ಆದಾಗ ಇಶ್ಯೂ ತಾನೇ ಮುಚ್ಚಿಕೊಳ್ಳುತ್ತದೆ.

ಎರಡನೆಯದಕ್ಕೆ ತಾತನೇ ಬರಬೇಕು.

---

ಟರ್ಮಿನಲ್_ತಾತ · ಭಾನುವಾರ ಮಧ್ಯಾಹ್ನ 12:40

ಬಂದೆ. ಊಟಕ್ಕೆ ಕರೆಯುತ್ತಿದ್ದಾರೆ, ಬೇಗ ಹೇಳುತ್ತೇನೆ.

ಫೋನ್ ಸರ್ವರ್‌ಗೆ ಕನೆಕ್ಟ್ ಆಗಲು ಮೊದಲು ಒಂದು ಚಿಕ್ಕ ಪ್ಯಾಕೆಟ್ ಕಳಿಸುತ್ತದೆ, ಸಿನ್ ಅಂತ. ಬಾಗಿಲು ತಟ್ಟುವುದು ಎಂದುಕೊಳ್ಳಿ. ಉತ್ತರ ಬರದಿದ್ದರೆ ಮತ್ತೆ ತಟ್ಟುತ್ತದೆ. ಎಷ್ಟು ಹೊತ್ತು ಬಿಟ್ಟು? ಮೊದಲು 1 ಸೆಕೆಂಡ್, ಆಮೇಲೆ 2, ಆಮೇಲೆ 4, ಆಮೇಲೆ 8, ಹೀಗೆ ದುಪ್ಪಟ್ಟು. ಅಂದರೆ ಶುರುವಿನಿಂದ ಎಣಿಸಿದರೆ 0, 1, 3, 7, 15, 31ನೇ ಸೆಕೆಂಡಿನಲ್ಲಿ ತಟ್ಟುತ್ತದೆ.

ನಿಮ್ಮ ಆಪ್ 5 ಸೆಕೆಂಡಿಗೆ ಕೈಚೆಲ್ಲಿದರೆ ತಟ್ಟಿದ್ದು ಮೂರೇ ಸಲ. ಸಿಗ್ನಲ್ ಹೋಗಿ ಬಂದು ಮಾಡುವ ಊರಿನಲ್ಲಿ ಮೂರೂ ಕಳೆದುಹೋಗಬಹುದು. 30 ಕೊಟ್ಟರೆ ಐದು ಸಲ. ಈಗ 20 ಕೊಟ್ಟರೆ ಎಷ್ಟು ಸಲ, ನೀವೇ ಎಣಿಸಿ.

---

ಹೊಸಪ್ಯಾಚ್ · ಭಾನುವಾರ ಮಧ್ಯಾಹ್ನ 1:03

0, 1, 3, 7, 15. ಐದೇ ಸಲ!

ಅಂದರೆ 20ಕ್ಕೂ 30ಕ್ಕೂ ವ್ಯತ್ಯಾಸವೇ ಇಲ್ಲ. 15ನೇ ಸೆಕೆಂಡಿನಲ್ಲಿ ತಟ್ಟಿದ್ದಕ್ಕೆ ಉತ್ತರ ಬರಲು 5 ಸೆಕೆಂಡ್ ಸಾಕು. ಮುಂದಿನದು 31ಕ್ಕೆ, ಅದು 30ರಲ್ಲಿ ಹೇಗೂ ಸಿಗುವುದಿಲ್ಲ. ನಾನು 10 ಸೆಕೆಂಡ್ ಎಲ್ಲರನ್ನೂ ಸುಮ್ನೆ ಕಾಯಿಸುತ್ತಿದ್ದೆ.

ಕೋಡ್ ಬದಲಾಯಿಸುತ್ತೇನೆ, 20.

ಮೇಂಟೇನರ್ "20 ಯಾಕಲ್ಲ" ಅಂದದ್ದು ಸುಮ್ನೆ ಕೇಳಿದ್ದಲ್ಲ ಅನಿಸುತ್ತಿದೆ.

---

ಬೈಟು_ಕಾಫಿ · ಭಾನುವಾರ ಮಧ್ಯಾಹ್ನ 1:30

ಒಂದು ಕೊಕ್ಕೆ. ಲಿನಕ್ಸ್ 6.5ರಿಂದ ಈ ಲೆಕ್ಕ ಬದಲಾಗಿದೆ. ಮೊದಲ ಕೆಲವು ಸಲ ಸೆಕೆಂಡಿಗೊಂದರಂತೆ ತಟ್ಟುತ್ತದೆ, ಆಮೇಲೆ ದುಪ್ಪಟ್ಟು. ಅಮ್ಮನ ಫೋನ್ ಯಾವ ಕಾಲದ್ದು?

---

ಹೊಸಪ್ಯಾಚ್ · ಭಾನುವಾರ ಮಧ್ಯಾಹ್ನ 1:34

ನಾನು ಬಳಸಿ ಬಿಟ್ಟ ಫೋನು. ಕರ್ನಲ್ 4.14 ಎಂದು ತೋರಿಸುತ್ತಿದೆ.

---

ಟರ್ಮಿನಲ್_ತಾತ · ಭಾನುವಾರ ಮಧ್ಯಾಹ್ನ 2:10

ಬೈಟು ಅವರು ಹೇಳಿದ್ದು ಸರಿ, ಅದನ್ನೂ ಮೆಸೇಜ್‌ನಲ್ಲಿ ಹಾಕಿ. ಈ ಲೆಕ್ಕ ಹಳೆಯ ಕರ್ನಲ್‌ನ ಮೇಲೆ ನಿಂತಿದೆ ಎಂದು. ಐದು ವರ್ಷ ಆದ ಮೇಲೆ ಹಳೆಯ ಫೋನ್‌ಗಳೆಲ್ಲ ಹೋದಾಗ, ಈಗ 20 ಬೇಕಿಲ್ಲ ಎಂದು ಯಾರಾದರೂ ಧೈರ್ಯವಾಗಿ ತೆಗೆಯಬಹುದು. ಯಾವಾಗ ತೆಗೆಯಬಹುದು ಎನ್ನುವುದೂ ಆ ಒಂದು ಸಾಲಿನಲ್ಲಿ ಇರುತ್ತದೆ. ಕುಡ್ಲದವರ ಒಂದು ಪೈಸೆಗೆ ಇದೇ ಸಿಗದೆ ಹೋದದ್ದು.

ಉದ್ದ ಮೆಸೇಜ್ ಹೇಗಿರುತ್ತದೆ ನೋಡಬೇಕೆಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಲಾಗ್ ಓದಿ. ಏನು ತೊಂದರೆ ಇತ್ತು, ಯಾವಾಗಿನಿಂದ ಇತ್ತು, ಇನ್ನೊಂದು ದಾರಿ ಯಾಕೆ ಬೇಡವಾಯಿತು ಎಂದು ಪ್ಯಾರಾಗಟ್ಟಲೆ ಬರೆಯುತ್ತಾರೆ. ಕೊನೆಗೆ ಮೇಲಿಂಗ್ ಲಿಸ್ಟ್‌ನಲ್ಲಿ ನಡೆದ ಚರ್ಚೆಯ ಕೊಂಡಿ ಇರುತ್ತದೆ. ಕೊಂಡಿ ಇದೆಯಲ್ಲ ಎಂದು ವಿವರಣೆ ಬಿಡುವುದಿಲ್ಲ, ಗಮನಿಸಿ.

---

ಕ್ರಿಯಾಪದ_ಕೊನೆಗೆ · ಭಾನುವಾರ ಸಂಜೆ 5:45

ತಡವಾಗಿ ಬಂದೆ, ಸ್ವಲ್ಪ ದಾರಿ ತಪ್ಪಿಸುತ್ತೇನೆ. ನಾವು ನಾಲ್ಕು ಜನ ಕನ್ನಡದ ಪದಪಟ್ಟಿಯೊಂದನ್ನು ಗಿಟ್‌ನಲ್ಲಿ ಇಟ್ಟಿದ್ದೇವೆ. ಎಲ್ಲರೂ ಕನ್ನಡದವರೇ, ಹಾಗಾಗಿ ಕಮಿಟ್ ಮೆಸೇಜೂ ಕನ್ನಡದಲ್ಲಿ. ಅಲ್ಲಿ ಇಂಗ್ಲಿಷಿನ ನಿಯಮ ಕೈಕೊಡುತ್ತದೆ.

ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ. "ಆಡ್", "ಫಿಕ್ಸ್", "ರಿಮೂವ್". ಸಾಲು ಉದ್ದವಾಗಿ ಬಾಲ ಕತ್ತರಿಸಿದರೂ ಏನು ಮಾಡಿದ್ದೆಂದು ಗೊತ್ತಾಗುತ್ತದೆ. ಕನ್ನಡದಲ್ಲಿ? "ಶಿವಮೊಗ್ಗ ಕಡೆಯ ಅಡಿಕೆ ಕೃಷಿಯ ಪದಗಳಲ್ಲಿ ಎರಡು ಸಲ ಬಂದವನ್ನು..." ಅಂತ ನಿಲ್ಲುತ್ತದೆ. ತೆಗೆದೆಯೋ, ಸೇರಿಸಿದೆಯೋ, ಹಾಗೇ ಬಿಟ್ಟೆಯೋ? ಪ್ರಾಣ ಇರುವುದೇ ಬಾಲದಲ್ಲಿ.

ಇನ್ನೊಂದು, ಕ್ರಿಯಾಪದದ ರೂಪ. ಗಿಟ್ ತಾನೇ ಬರೆಯುವ "ಮರ್ಜ್", "ರಿವರ್ಟ್" ಮೆಸೇಜ್‌ಗಳು ಅಪ್ಪಣೆಯ ರೂಪದಲ್ಲಿವೆ, ನಾವೂ ಹಾಗೇ ಬರೆಯಬೇಕು ಎನ್ನುತ್ತಾರೆ. ಕನ್ನಡದಲ್ಲಿ "ತೆಗೆ", "ಸೇರಿಸು", "ಸರಿಮಾಡು" ಅಂದರೆ ಮೇಸ್ತ್ರಿ ಕೂಗಿದ ಹಾಗಿರುತ್ತದೆ. "ತೆಗೆಯಲಾಗಿದೆ" ಅಂದರೆ ಸರ್ಕಾರಿ ಸುತ್ತೋಲೆ. "ತೆಗೆದೆ" ಅಂದರೆ ನನಗೆ ಹಿತ. ನೀವೆಲ್ಲ ಏನು ಮಾಡುತ್ತೀರಿ?

---

ಅರ್ಕಾವತ್ತು · ಭಾನುವಾರ ಸಂಜೆ 6:02

ನಾವು ಮೊದಲು ಜಾಗ, ಆಮೇಲೆ ಕೆಲಸ ಎಂದು ಇಟ್ಟುಕೊಂಡಿದ್ದೇವೆ. "ಅಡಿಕೆ ಪದಗಳು: ಎರಡು ಸಲ ಬಂದವು ಔಟ್". ಕರ್ನಲ್‌ನವರೂ ಮೊದಲು ಯಾವ ವಿಭಾಗ ಎಂದು ಹೇಳಿ ಕೋಲನ್ ಹಾಕುತ್ತಾರೆ. ಬಾಲ ಕತ್ತರಿಸಿದರೂ ಎಲ್ಲಿ ಎಂದಾದರೂ ತಿಳಿಯುತ್ತದೆ. ರೂಪದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನಾನು "ತೆಗೆದೆ" ಪಕ್ಷ.

---

ಬೈಟು_ಕಾಫಿ · ಭಾನುವಾರ ಸಂಜೆ 6:15

ನನ್ನ ಹ್ಯಾಂಡಲ್‌ಗೆ ತಕ್ಕ ಮಾತು ಬಂತು. ಆ 50ರ ಲೆಕ್ಕವನ್ನು ಹುಕ್ ಸ್ಕ್ರಿಪ್ಟ್‌ನಲ್ಲಿ (ಕಮಿಟ್ ಮಾಡುವಾಗ ತಾನೇ ಓಡುವ ತಪಾಸಣೆ) ಹಾಕಿದ್ದೀರಾದರೆ ಅದು ಬೈಟ್ ಎಣಿಸುತ್ತಿದೆಯಾ ನೋಡಿ. ಅಕ್ಷರಗಳನ್ನು ಶೇಖರಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. "ಕನ್ನಡ" ನಮ್ಮ ಕಣ್ಣಿಗೆ ಮೂರಕ್ಷರ. ಒಳಗೆ ಕ, ನ, ವಿರಾಮ, ನ, ಡ, ಒಟ್ಟು 5 ಸಂಕೇತ, 15 ಬೈಟ್. 50 ಬೈಟ್ ಅಂದರೆ "ಕನ್ನಡ ಕನ್ನಡ ಕನ್ನಡ" ಎನ್ನುವಷ್ಟರಲ್ಲಿ ಮುಗಿಯಿತು.

ಫೈಲಿನ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸ್ಟೇಟಸ್‌ನಲ್ಲಿ ಕ ಬದಲಿಗೆ 340, 262, 225 ಅಂತೆಲ್ಲ ಸಂಖ್ಯೆ ಕಾಣುತ್ತದೆ. ಕೋರ್ ಡಾಟ್ ಕೋಟ್‌ಪಾತ್ ಸೆಟ್ಟಿಂಗನ್ನು ಫಾಲ್ಸ್ ಮಾಡಿ, ಸರಿಹೋಗುತ್ತದೆ.

---

ಕ್ರಿಯಾಪದ_ಕೊನೆಗೆ · ಭಾನುವಾರ ಸಂಜೆ 6:21

ಹುಕ್ ನೋಡಿದೆ. ಬೈಟ್ ಎಣಿಸುತ್ತಿತ್ತು! ಆರು ತಿಂಗಳಿಂದ ನಾವು ತಂತಿ ಕಳಿಸುವವರ ಹಾಗೆ ಪದ ಉಳಿಸಿ ಬರೆಯುತ್ತಿದ್ದೆವು.

---

ಕಲಿಕೆಯಲ್ಲಿ · ಭಾನುವಾರ ರಾತ್ರಿ 8:30

ಇದನ್ನೆಲ್ಲ ಈಗ ಎಐ ಬರೆದುಕೊಡುತ್ತದಲ್ವಾ? ಡಿಫ್ ಕೊಟ್ಟರೆ ಅಚ್ಚುಕಟ್ಟಾಗಿ ಮೆಸೇಜ್ ಬರುತ್ತದೆ.

---

ಹೊಸಪ್ಯಾಚ್ · ಭಾನುವಾರ ರಾತ್ರಿ 8:44

ಶುಕ್ರವಾರವೇ ನೋಡಿದ್ದೆ. "ಕನೆಕ್ಟ್ ಆಗುವ ಸಮಯವನ್ನು 5ರಿಂದ 30 ಸೆಕೆಂಡಿಗೆ ಏರಿಸಿ ನಿಧಾನ ನೆಟ್‌ವರ್ಕ್‌ಗಳಲ್ಲಿ ಅನುಭವ ಉತ್ತಮಗೊಳಿಸುತ್ತದೆ" ಎಂದು ಬಂತು. ಓದಲು ಚೆನ್ನಾಗಿತ್ತು. ಡಿಫ್ ಮಾತ್ರ ಕೊಟ್ಟಿದ್ದೆನಲ್ಲ, 30 ಯಾಕೆ ಎಂಬುದು ಅದಕ್ಕೂ ಗೊತ್ತಿರಲಿಲ್ಲ. ನನ್ನ ಹಾಗೇ.

ಈಗ ಬರೆದದ್ದು ಇದು. ಇಂಗ್ಲಿಷಿನದರ ಕನ್ನಡ:

> ನೆಟ್‌ವರ್ಕ್: ಕನೆಕ್ಟ್ ಆಗಲು ಕಾಯುವ ಸಮಯ 20 ಸೆಕೆಂಡ್ ಮಾಡು
>
> ಸಿಗ್ನಲ್ ದುರ್ಬಲ ಇರುವ ಕಡೆ ಮೊದಲ ಕೆಲವು ಸಿನ್ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ. ಆಪ್ 5 ಸೆಕೆಂಡಿಗೆ ನಿಲ್ಲಿಸುವುದರಿಂದ 0, 1, 3ನೇ ಸೆಕೆಂಡಿನ ಮೂರು ಪ್ರಯತ್ನ ಮಾತ್ರ ಸಿಗುತ್ತವೆ. ಬಳಕೆದಾರರು ಮತ್ತೆ ಒತ್ತಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ.
>
> 20 ಸೆಕೆಂಡ್ ಕೊಟ್ಟರೆ 7 ಮತ್ತು 15ನೇ ಸೆಕೆಂಡಿನ ಪ್ರಯತ್ನವೂ ಸಿಗುತ್ತದೆ, ಕೊನೆಯದಕ್ಕೆ ಉತ್ತರ ಬರಲು 5 ಸೆಕೆಂಡ್ ಉಳಿಯುತ್ತದೆ. 30 ಮಾಡಿದರೆ ಹೆಚ್ಚಿನ ಪ್ರಯತ್ನವೇನೂ ಸಿಗುವುದಿಲ್ಲ, ಮುಂದಿನದು 31ಕ್ಕೆ.
>
> ಈ ಲೆಕ್ಕ ಲಿನಕ್ಸ್ 6.5ಕ್ಕಿಂತ ಹಳೆಯ ಕರ್ನಲ್ ಇರುವ ಫೋನ್‌ಗಳದ್ದು. ಹೊಸದರಲ್ಲಿ ಮೊದಲ ಪ್ರಯತ್ನಗಳು ಹತ್ತಿರ ಹತ್ತಿರ ಬರುತ್ತವೆ.

---

ಕುಡ್ಲದ_ಕೋಡ್ · ಭಾನುವಾರ ರಾತ್ರಿ 9:01

ಚೆಂದ ಉಂಟು. ಆದರೆ ಮಳೆ ಎಲ್ಲಿ ಹೋಯಿತು? ಅಮ್ಮ, ಅಡಿಕೆ ಬೇಡ. "ಮಲೆನಾಡಿನ ಹಳ್ಳಿಯಲ್ಲಿ, ಮಳೆಗಾಲದಲ್ಲಿ ಕಂಡದ್ದು" ಎಂದಾದರೂ ಹಾಕಿ. ಲ್ಯಾಬ್‌ನಲ್ಲಿ ಊಹಿಸಿದ್ದಲ್ಲ, ನಿಜವಾಗಿ ಆದದ್ದು ಎಂದು ಗೊತ್ತಾಗಲಿ.

---

ಹೊಸಪ್ಯಾಚ್ · ಮಂಗಳವಾರ ರಾತ್ರಿ 10:10

ಮಳೆ ಸೇರಿಸಿ ಕಳಿಸಿದೆ. ಮೇಂಟೇನರ್‌ಗೆ ಖುಷಿಯಾಗಿದೆ, ಆದರೆ ಇನ್ನೊಂದು ಪ್ರಶ್ನೆ. 20 ಸೆಕೆಂಡ್ ಇಟ್ಟು ಅದೇ ಜಾಗದಲ್ಲಿ ಟೆಸ್ಟ್ ಮಾಡಿದ್ದೀರಾ?

ಮಾಡಿಲ್ಲ. ನಾನು ಬೆಂಗಳೂರಿಗೆ ವಾಪಸ್ ಬಂದೆ. ಇಲ್ಲಿ ಸಿಗ್ನಲ್ ಪೂರ್ತಿ ಇದೆ. ಅಮ್ಮನಿಗೆ ಹೊಸ ಆಪ್ ಕಳಿಸಿದ್ದೇನೆ. ಆದರೆ ಊರಲ್ಲಿ ಎರಡು ದಿನದಿಂದ ಬಿಸಿಲಂತೆ.

---

ಬೈಟು_ಕಾಫಿ · ಮಂಗಳವಾರ ರಾತ್ರಿ 10:14

ಬಿಸಿಲಿನಿಂದ ನಿಂತ ಮೊದಲ ರಿಲೀಸ್ ಇರಬೇಕು.

---

ಹೊಸಪ್ಯಾಚ್ · ಶುಕ್ರವಾರ ಸಂಜೆ 7:25

ನಿನ್ನೆ ಜೋರು ಮಳೆ. ಅಮ್ಮನಿಗೆ ಫೋನ್ ಮಾಡಿ, ಹಳೆಯ ಆಪ್‌ನಲ್ಲಿ ಹತ್ತು ಸಲ, ಹೊಸದರಲ್ಲಿ ಹತ್ತು ಸಲ ಒತ್ತಿ ಎಣಿಸಿ ಹೇಳಲು ಕೇಳಿದೆ. ಕ್ಯಾಲೆಂಡರ್ ಹಿಂದೆ ಗೀಟು ಹಾಕಿಕೊಂಡು ಎಣಿಸಿದ್ದಾರೆ. ಹಳೆಯದು ಹತ್ತರಲ್ಲಿ ಮೂರು ಸಲ ಕನೆಕ್ಟ್ ಆಯಿತು. ಹೊಸದು ಎಂಟು ಸಲ. ಅದನ್ನೂ ಮೆಸೇಜ್‌ಗೆ ಸೇರಿಸುತ್ತಿದ್ದೇನೆ.

"ಟೆಸ್ಟೆಡ್-ಬೈ" ಎಂದು ಅಮ್ಮನ ಹೆಸರು ಹಾಕಬಹುದಾ?

---

ಟರ್ಮಿನಲ್_ತಾತ · ಶುಕ್ರವಾರ ಸಂಜೆ 7:40

ಧಾರಾಳವಾಗಿ. ಆದರೆ ಅವರನ್ನು ಕೇಳಿ ಹಾಕಿ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಸರಿನಲ್ಲಿ ಆ ಸಾಲು ಹಾಕಬಾರದು ಎಂದು ಕರ್ನಲ್‌ನ ನಿಯಮವೇ ಇದೆ. ಹೆಸರಿನ ಪಕ್ಕ ಒಂದು ಈಮೇಲ್ ವಿಳಾಸವೂ ಬೇಕು.

---

ಹೊಸಪ್ಯಾಚ್ · ಶುಕ್ರವಾರ ರಾತ್ರಿ 9:15

ಕೇಳಿದೆ. ಈಮೇಲ್ ಇಲ್ಲ, ಈಗ ಮಾಡಿಕೊಡುತ್ತಿದ್ದೇನೆ. ಹೆಸರು ಹಾಕಲು ಒಪ್ಪಿದರು. "ಹಾಕು, ಆದ್ರೆ ಇನ್ನೂ ಎರಡು ಸಲ ಯಾಕೆ ಹಿಡಿಲಿಲ್ಲ ಅಂತ ಅವ್ರನ್ನ ಕೇಳು" ಅಂದರು.